ಮುಖ ಮತ್ತು ಕಾರ್ಯ: ಧರ್ಮಪುರಿಯ ನೆನಪಿನ ಎರಡು ಶಿಲ್ಪಕ್ರಮಗಳು

ನವ-ಅಭಿಜಾತ ಶಿಲ್ಪಿಗೆ ವ್ಯಕ್ತಿಯ ಶೀಲವೆಂಬುದು ಮುಖದಲ್ಲಿ ಓದಬಹುದಾದ ಬರಹ. ಬಣ್ಣವಿಲ್ಲದ ಅಮೃತಶಿಲೆಯಲ್ಲಿ ಹುಬ್ಬಿನ ಗಂಟು, ತುಟಿಯಂಚಿನ ಬಿಗಿ, ಕತ್ತಿನ ತಿರುವು ಇವೇ ಅವನ ಅಕ್ಷರಗಳು. ಹೆಗಲ ಮೇಲಿನ ರೋಮನ್ ಉತ್ತರೀಯವು ವ್ಯಕ್ತಿಯನ್ನು ಅವನ ಕಾಲದಿಂದ ಬಿಡಿಸಿ ಪ್ರಾಚೀನರ ಸಾಲಿಗೆ ಸೇರಿಸುತ್ತದೆ. ಲಂಡನ್ನಿನ ಫ್ರಾನ್ಸಿಸ್ ಚಾಂಟ್ರಿ (1781–1841) ಈ ಕಲೆಯಲ್ಲಿ ಪಳಗಿದವನು. ಕ್ಯಾಮೆರಾ ಲೂಸಿಡಾ ಎಂಬ ಸಾಧನದ ನೆರವಿನಿಂದ ಅವನು ಮುಖದ ಎದುರುನೋಟ, ಪಕ್ಕದ ನೋಟಗಳನ್ನು ಅಳತೆ ಕೆಡದಂತೆ ಗೆರೆಗಿಳಿಸಿಕೊಳ್ಳುತ್ತಿದ್ದ. 1820ರಲ್ಲಿ ವಾಲ್ಟರ್ ಸ್ಕಾಟನ ಎದೆಮಟ್ಟದ ಶಿಲ್ಪಕ್ಕಾಗಿ ಅವನನ್ನು ಮಾತಿಗೆಳೆದು, ಹಾಸ್ಯ ಮೊಳೆಯುವ ಕ್ಷಣದ ಮುಖವನ್ನೇ ಹಿಡಿದ.

ಇದೇ ಚಾಂಟ್ರಿಯ ಕೈಯಿಂದ ಸೇಲಂ–ಧರ್ಮಪುರಿ ಸೀಮೆಗೆ ಸಂಬಂಧಿಸಿದ ಒಬ್ಬನ ಪ್ರತಿಮೆಯೂ ರೂಪುಗೊಂಡಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಕಂಪನಿಯ ವಶವಾದಾಗ, ಅಲೆಕ್ಸಾಂಡರ್ ರೀಡನ ಸಹಾಯಕನಾಗಿ ಬಂದ ಥಾಮಸ್ ಮನ್ರೋ 1799ರವರೆಗೆ ಇಲ್ಲಿ ಭೂಕಂದಾಯದ ಕೆಲಸ ಮಾಡಿದ. ಮುಂದೆ ಕೆನರಾಕ್ಕೆ ಹೋದ. ರೈತವಾರಿ ಪದ್ಧತಿಯ ಮೊದಲ ಪ್ರಯೋಗಗಳು ಈ ನೆಲದವು. ಮದರಾಸಿನ ಗವರ್ನರನಾಗಿದ್ದ ಅವನು 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ ಬಳಿಕ, ಚಾಂಟ್ರಿ ಮದರಾಸಿಗಾಗಿ ಅವನ ಕಂಚಿನ ಅಶ್ವಾರೂಢ ಪ್ರತಿಮೆಯನ್ನು ರಚಿಸಿದ. ಅದರಲ್ಲಿ ರಿಕಾಪುಗಳಿಲ್ಲ. ಶಿಲ್ಪಿ ಮರೆತನೆಂಬುದು ಜನರ ಮಾತು. ಆದರೆ ಲಂಡನ್ನಿನಲ್ಲಿರುವ, ಅವನೇ ರಚಿಸಿದ ನಾಲ್ಕನೆಯ ಜಾರ್ಜನ ಪ್ರತಿಮೆಯಲ್ಲಿಯೂ ರಿಕಾಪುಗಳಿಲ್ಲ. ಪ್ರಾಚೀನ ರೋಮನರಿಗೆ ರಿಕಾಪಿನ ಪರಿಚಯವಿರಲಿಲ್ಲ. ಇದು ಮರೆವಲ್ಲ, ಸಂಪ್ರದಾಯ. ಹೊಲಗಳ ಅಳತೆ, ರೈತರೊಡನೆ ಲೆಕ್ಕಾಚಾರ ಇವುಗಳಿಂದ ಹೆಸರಾದವನನ್ನು ಈ ಸಂಪ್ರದಾಯವು ರೋಮನ್ ಸವಾರನ ಗಾಂಭೀರ್ಯಕ್ಕೆ ಏರಿಸಿತು. ಬಾರಾಮಹಲಿನ ಹೊಲಗಳು ಚೌಕಟ್ಟಿನ ಹೊರಗುಳಿದವು.

ಧರ್ಮಪುರಿಯ ನಡುಗಲ್ಲುಗಳು ಇದಕ್ಕೆ ಎದುರಾದ ಕ್ರಮದವು. ಪಲ್ಲವರ ಕಾಲದಿಂದಲೂ ದನಗಳ ರಕ್ಷಣೆಯಲ್ಲೋ ಕಾಳಗದಲ್ಲೋ ಮಡಿದವರಿಗೆ ನೆಟ್ಟ ಈ ಕಲ್ಲುಗಳಲ್ಲಿ ಮುಖ ಬಹುಮಟ್ಟಿಗೆ ಸಾಮಾನ್ಯ ರೂಪದ್ದು. ವ್ಯಕ್ತಿಯನ್ನು ಗುರುತಿಸಿಕೊಡುವುದು ಕೈಯ ಬಿಲ್ಲು ಅಥವಾ ಕತ್ತಿ, ಮುನ್ನುಗ್ಗುವ ಭಂಗಿ, ಮತ್ತು ಹೆಸರು, ಊರು, ಮಡಿದ ಕಾರಣ ಹೇಳುವ ವಟ್ಟೆಳುತ್ತಿನ ತಮಿಳು ಬರಹ. 9ನೆಯ ಶತಮಾನದ ನೊಳಂಬರು ಇದೇ ಊರಿನಲ್ಲಿ ಕನ್ನಡ ಶಾಸನಗಳನ್ನು ಬರೆಸಿದರು. ಕನ್ನಡದ ವೀರಗಲ್ಲೂ ಇದೇ ನಂಬಿಕೆಯ ಕೂಸು. ಶೀಲವಿರುವುದು ಮುಖದಲ್ಲಲ್ಲ, ಮಾಡಿದ ಕಾರ್ಯದಲ್ಲಿ.

ಎರಡು ಕ್ರಮಗಳಿಗೂ ಓದುಗನು ಬೇಕು. ಸಂಪ್ರದಾಯದ ಅರಿವು ಅಳಿದರೆ ರಿಕಾಪಿಲ್ಲದ ಕುದುರೆ ತಪ್ಪಾಗಿ ಕಾಣುತ್ತದೆ. ಲಿಪಿಯ ಅರಿವು ಅಳಿದರೆ ವೀರನು ಹೆಸರಿಲ್ಲದ ಗ್ರಾಮದೇವತೆಯಾಗುತ್ತಾನೆ. ಎರಡು ಭಾಷೆಗಳ ಈ ಸೀಮೆಯಲ್ಲಿ ಕಲ್ಲುಗಳನ್ನು ಕಾಪಾಡುವುದೆಂದರೆ ಅವುಗಳನ್ನು ಓದಬಲ್ಲವರನ್ನೂ ಉಳಿಸಿಕೊಳ್ಳುವುದು.