ಎಡಕ್ಕೆ ವಾಲಿದ ಫಿಯಟ್

ಕಳೆದ ಜೂನ್‌ನಲ್ಲಿ ನಮ್ಮನೆ ಫಿಯಟ್ ಎಡಕ್ಕೆ ವಾಲಿತು. ಬೆಳಿಗ್ಗೆ ಕವರ್ ತೆಗೆದರೆ ಮುಂದಿನ ಎಡಗಡೆ ಚಕ್ರ ಮಡ್‌ಗಾರ್ಡ್ ಒಳಗೆ ಅವಿತು ಕೂತಿದೆ. ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದೆ. ಕಾಯಿಲ್ ಸ್ಪ್ರಿಂಗಿನ ಕೊನೆಯ ಸುತ್ತು ಮುರಿದು ನೆಲದ ಮೇಲೆ ಬಿದ್ದಿತ್ತು.

ಅದು ತಾತ 1967ರಲ್ಲಿ ತಗೊಂಡ ಗಾಡಿ. ಅಪ್ಪ ಸ್ಟಿಯರಿಂಗ್ ಪಕ್ಕದ ಗೇರ್ ಹಾಕೋದು ಕಲಿತದ್ದು ಅದರಲ್ಲೇ. ಅಣ್ಣನಿಗೆ ಮಾತ್ರ ಅದು ಪಾರ್ಕಿಂಗ್ ಜಾಗ ತಿನ್ನುವ ತಗಡು. ಇಂದಿರಾನಗರದ ಕೆಫೆಯೊಂದು ಅದನ್ನು ಕೊಂಡು, ಬಾನೆಟ್ ಮೇಲೆ ಗಾಜು ಹಾಕಿ ಟೇಬಲ್ ಮಾಡ್ತೀವಿ ಅಂತ ಒಳ್ಳೇ ಬೆಲೆ ಹೇಳಿತ್ತು. ಮನೆಯಲ್ಲಿ ಒಪ್ಪಂದ ಆಯ್ತು: ಆಯುಧಪೂಜೆ ದಿನ ಗಾಡಿ ರಸ್ತೆಯಲ್ಲಿ ಓಡಿದರೆ ಇಟ್ಕೊಳ್ಳೋದು, ಇಲ್ಲಾಂದ್ರೆ ಕೆಫೆಗೆ. ಅಪ್ಪ ಏನೂ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಅರ್ಥ ಏನು ಅಂತ ನಂಗೊತ್ತು.

ಒಂದು ಸ್ಪ್ರಿಂಗ್ ತಾನೇ, ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ ಅಂದ್ಕೊಂಡೆ. ಮೊದಲನೇ ಅಂಗಡಿಯವರು ನಕ್ಕರು. ಎರಡನೆಯವರು, 'ಸಾರ್, ನೀವು ಹತ್ತು ವರ್ಷ ಲೇಟು' ಅಂದರು. ಮೂರನೆಯವರು ಧೂಳು ಹಿಡಿದ ಜೋಡಿಯೊಂದನ್ನು ಅಟ್ಟದಿಂದ ಇಳಿಸಿ ಕೊಟ್ಟರು. ಖುಷಿಯಿಂದ ತಂದು ತೋರಿಸಿದರೆ ನಮ್ಮ ಮೇಸ್ತ್ರಿ ಕೈಯಲ್ಲಿ ತೂಗಿ ನೋಡಿ, 'ಇದು ಡೀಸೆಲ್ ಪದ್ಮಿನಿದು. ಭಾರದ ಇಂಜಿನ್‌ಗೆ ಮಾಡಿದ್ದು. ಇದನ್ನ ಹಾಕಿದ್ರೆ ಅಪ್ಪಾಜಿ ಸೊಂಟ ಹೋಗುತ್ತೆ' ಅಂದರು.

ಅಂಬಾಸಿಡರಿಂದ ಏನಾದರೂ ಕಿತ್ತು ಹಾಕೋಣ ಅಂದರೆ ಅದೂ ಆಗದು. ಹಳೇ ಅಂಬಾಸಿಡರ್ ಮುಂದೆ ಕಾಯಿಲ್ ಇಲ್ಲವೇ ಇಲ್ಲ, ತಿರುಚಿಕೊಳ್ಳುವ ಟಾರ್ಷನ್ ಬಾರ್ ಇರುತ್ತೆ. ಫಿಯಟ್‌ನಲ್ಲಿ ಮುಂದೆ ಕಾಯಿಲ್, ಹಿಂದೆ ಲಾರಿ ಥರ ಪ್ಲೇಟು. ಹಿಂದಿನ ಪ್ಲೇಟು ಮುರಿದರೆ ಯಾವ ಊರಿನ ಕುಲುಮೆಯಲ್ಲಾದರೂ ಹೊಸದು ಬಡಿದುಕೊಡುತ್ತಾರೆ. ಕಾಯಿಲ್ ಹಾಗಲ್ಲ.

ಈ ಸ್ಪ್ರಿಂಗ್ ಒಂದು ಕಾಲಕ್ಕೆ ಎಲ್ಲೆಡೆ ಯಾಕೆ ಸಿಗುತ್ತಿತ್ತು, ಈಗ ಯಾಕೆ ಸಿಗಲ್ಲ ಅಂತ ಯೋಚಿಸುತ್ತಾ ಓದುತ್ತಾ ಹೋದೆ. ಕಥೆ ನಮ್ಮ ಬೆಂಗಳೂರನ್ನು ಸವರಿಕೊಂಡೇ ಹೋಗಿದೆ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ಬಂದು ಭಾರತದಲ್ಲೇ ಕಾರು ಕಾರ್ಖಾನೆ ಕಟ್ಟುವ ಯೋಜನೆ ಬರೆದರು. ಅದನ್ನು ಹಿಡಿದು ಮುಂದೆ ಬಂದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನ ಕೈಜೋಡಿಸಲು ತಯಾರಿತ್ತು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಅಂದರೆ ಇವತ್ತಿನ ಎಚ್ಎಎಲ್. ವಿಮಾನ ನಮಗೆ ಸಿಕ್ಕಿತು, ಕಾರು ಬೊಂಬಾಯಿಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ನಮ್ಮ ತಾತನ ಗಾಡಿ ಕೆಂಗೇರಿ ಕಡೆಯೇ ಹುಟ್ಟಬಹುದಿತ್ತಲ್ಲ ಅನ್ನೋ ಹೊಟ್ಟೆಕಿಚ್ಚು ನನಗಂತೂ ಇದೆ.

ಸ್ಪ್ರಿಂಗಿನ ಹಣೆಬರಹ ತೀರ್ಮಾನವಾದದ್ದು 1953ರಲ್ಲಿ. ಹೊರಗಿನಿಂದ ಬಿಡಿಭಾಗ ತಂದು ಬರೀ ಜೋಡಿಸುವವರು ಬೇಡ, ಹಂತಹಂತವಾಗಿ ಇಲ್ಲೇ ತಯಾರಿಸುವವರು ಮಾತ್ರ ಇರಲಿ ಅಂತ ಸರ್ಕಾರ ಹೇಳಿತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಪ್ರೀಮಿಯರ್ 1954ರಿಂದ ಫಿಯಟ್ 1100 ಮಾಡತೊಡಗಿತು. ಒಂದೊಂದೇ ಭಾಗ ಇಲ್ಲಿಯ ಸಣ್ಣಪುಟ್ಟ ಕಾರ್ಖಾನೆಗಳಿಗೆ ಇಳಿಯಿತು. ಆಮೇಲೆ ಪೈಪೋಟಿಯೇ ಇಲ್ಲದ ಕಾಲ. ಜನ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯೋರು. ಹಾಗಾಗಿ ಗಾಡಿ ಬದಲಿಸುವ ದರ್ದು ಕಂಪನಿಗಿರಲಿಲ್ಲ. 1100 ಡಿಲೈಟ್ ಹೋಗಿ ಪ್ರೆಸಿಡೆಂಟ್ ಆಯ್ತು, 1974ರಲ್ಲಿ ಪದ್ಮಿನಿ ಆಯ್ತು. ಹೆಸರು ಬದಲಾಯಿತೇ ಹೊರತು ಒಳಗಿನ ಮೂಳೆ ಹೆಚ್ಚುಕಡಿಮೆ ಅದೇ. ಲೈಸೆನ್ಸ್ ರಾಜ್‌ಗೆ ನಾವು ಎಷ್ಟು ಬೈದರೂ, ಹಳೇ ಗಾಡಿ ಇಟ್ಕೊಂಡವರಿಗೆ ಅದು ಮಾಡಿದ ಉಪಕಾರ ಇದು: 1967ರ ಕಾರಿಗೆ 1995ರ ಬಿಡಿಭಾಗ ಕೂರುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಕೊಳ್ಳುವವರು ಅತ್ತ ಹೊರಳಿದರು. ಆದರೂ ಪದ್ಮಿನಿ ಬಿಡಿಭಾಗದ ವ್ಯಾಪಾರ ಸಾಯಲಿಲ್ಲ. ಅದನ್ನು ಉಳಿಸಿದ್ದು ನಮ್ಮಂಥ ಮನೆಯವರಲ್ಲ, ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳು. ದಿನವಿಡೀ ಗುಂಡಿಯಲ್ಲಿ ಓಡುವ ಸಾವಿರಾರು ಗಾಡಿಗಳಿಗೆ ಸ್ಪ್ರಿಂಗ್ ಬೇಕೇ ಬೇಕು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಬಂತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಲೆಕ್ಕ ಮುಗಿದದ್ದು 2023ರ ಅಕ್ಟೋಬರಿನಲ್ಲಿ. ಪತ್ರಿಕೆಗಳು ವಿದಾಯದ ಫೋಟೋ ಹಾಕಿದವು, ನಾನೂ ಸ್ಟೇಟಸ್‌ಗೆ ಹಾಕಿದ್ದೆ. ನಮ್ಮನೆ ಸ್ಪ್ರಿಂಗೂ ಅವತ್ತೇ ಹೋಯ್ತು ಅಂತ ಹೊಳೆದಿರಲಿಲ್ಲ.

ಕೊನೆಗೆ ಮೇಸ್ತ್ರಿ ಪೀಣ್ಯದ ಒಂದು ಶೆಡ್ಡಿಗೆ ಕಳಿಸಿದರು. ಪಂಪು, ಪ್ರೆಸ್ಸುಗಳಿಗೆ ಸ್ಪ್ರಿಂಗ್ ಸುತ್ತುವವರು. ಮಾಲೀಕರು ನನ್ನ ಮುರಿದ ಸ್ಪ್ರಿಂಗ್ ಬದಿಗಿಟ್ಟು, ಮುರಿಯದ ಬಲಗಡೆಯದ್ದನ್ನು ಕೇಳಿದರು. 'ಇದೂ ಕುಗ್ಗಿದೆಯಲ್ಲ ಸಾರ್, ಇದನ್ನ ನೋಡಿ ಹೇಗೆ ಮಾಡ್ತೀರಿ?' ಅಂದೆ.

'ಕುಗ್ಗಿದ್ರೆ ಉದ್ದ ಕಮ್ಮಿ ಆಗಿರುತ್ತೆ ಅಷ್ಟೆ. ಗಟ್ಟಿತನ ಎಲ್ಲಿಗ್ ಹೋಗುತ್ತೆ?' ಅಂದರು.

ಎಂಜಿನಿಯರಿಂಗ್ ಓದಿದವನು ನಾನು, ಹೇಳಿದವರು ಅವರು! ಸ್ಪ್ರಿಂಗಿನ ಗಟ್ಟಿತನ ನಿಂತಿರೋದು ಉಕ್ಕಿನ ಗುಣ, ಕಂಬಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಎಣಿಕೆ ಇವುಗಳ ಮೇಲೆ. ಭಾರಕ್ಕೆ ಕೂತುಹೋದರೂ ಇವು ಬಹುಮಟ್ಟಿಗೆ ಹಾಗೇ ಇರುತ್ತವೆ. ಅದರಲ್ಲೂ ಕಂಬಿಯ ದಪ್ಪದ ಲೆಕ್ಕ ನಾಲ್ಕನೇ ಘಾತದ್ದು. 12 ಮಿ.ಮೀ. ಬದಲು 13 ಹಾಕಿದರೆ ಸ್ಪ್ರಿಂಗ್ ಸುಮಾರು 38 ಶೇಕಡಾ ಬಿರುಸಾಗುತ್ತೆ. ಉದ್ದದ ಸ್ಪ್ರಿಂಗ್ ತಂದು ಒಂದು ಸುತ್ತು ಕತ್ತರಿಸಿದರೂ ಅಷ್ಟೇ, ಸುತ್ತು ಕಮ್ಮಿಯಾದಷ್ಟೂ ಬಿರುಸು ಜಾಸ್ತಿ. ಗ್ಯಾರೇಜಿನಲ್ಲಿ 'ಕಟ್ ಮಾಡಿ ಹಾಕ್ಬಿಡೋಣ' ಅಂದರೆ ಒಪ್ಪಬೇಡಿ.

ಅವರು ಪೈಂಟ್ ಕೆರೆದು ಕಂಬಿಯನ್ನು ಮೂರು ಕಡೆ ಅಳೆದರು. ಸುತ್ತಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ, ಪ್ರೆಸ್ಸಿನಲ್ಲಿಟ್ಟು ಪೂರ್ತಿ ಅದುಮಿ ಅದುಮಿ ಬಿಟ್ಟರು. ಮೊದಲೇ ಕೂರುವಷ್ಟು ಇಲ್ಲೇ ಕೂತುಬಿಡಲಿ ಅಂತ. ಒಂದೇ ಷರತ್ತು: ಎಂಟಕ್ಕಿಂತ ಕಮ್ಮಿ ಮಾಡಲ್ಲ.

ಆಯುಧಪೂಜೆ ದಿನ ಗಾಡಿ ಒಂದಿಂಚು ಎತ್ತರ ನಿಂತಿತ್ತು. 'ಐನೂರು ಕಿಲೋಮೀಟರ್ ಓಡಿಸಿ, ಸರಿಹೋಗುತ್ತೆ' ಅಂದರು ಮೇಸ್ತ್ರಿ. ಅಪ್ಪ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಹಾಗೇ ಬೀದಿ ಕೊನೆಯ ಹಂಪ್‌ವರೆಗೂ ಹೋದರು. ಹಂಪ್ ದಾಟಿದರು. ತಿರುಗಿಸಿಕೊಂಡು ಬಂದು ಮತ್ತೊಮ್ಮೆ ದಾಟಿದರು. ಅಣ್ಣ ಕೆಫೆಯವರಿಗೆ ಫೋನ್ ಮಾಡಲು ಒಳಗೆ ಹೋದ.

ಉಳಿದ ಆರು ಸ್ಪ್ರಿಂಗ್ ನನ್ನ ಮಂಚದ ಕೆಳಗಿವೆ. ನಿಮ್ಮನೇಲೂ ಒಂದು ಫಿಯಟ್ ಇದ್ದರೆ ಹೇಳಿ. ಡೀಸೆಲ್‌ನದ್ದಾದರೆ ಬೇಡ.