ಪ್ಯಾರಾಥೈರಾಯ್ಡ್ ಗೆಡ್ಡೆ ಮತ್ತು ಶಸ್ತ್ರಚಿಕಿತ್ಸೆ

ಕೊರಳಿನ ಮುಂಭಾಗದ ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಕಿರುಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿನ ಗಾತ್ರದ್ದು. ಇವೇ ಪ್ಯಾರಾಥೈರಾಯ್ಡ್ ಗ್ರಂಥಿಗಳು. 1880ರಲ್ಲಿ ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ಮಾನವದೇಹದಲ್ಲಿ ಇವುಗಳನ್ನು ಗುರುತಿಸಿ ವಿವರಿಸಿದರು. ಹೆಸರು ಹೋಲುತ್ತದಾದರೂ ಇವುಗಳ ಕಾರ್ಯ ಬೇರೆ. ರಕ್ತದಲ್ಲಿನ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯುವುದು ಇವುಗಳ ಹೊಣೆ.

ಇವುಗಳಲ್ಲೊಂದು ಗೆಡ್ಡೆಯಾಗಿ ಬೆಳೆದರೆ ಹಾರ್ಮೋನು ಮಿತಿಮೀರಿ ಸ್ರವಿಸುತ್ತದೆ. ಆಗ ಮೂಳೆಗಳೆಂಬ ಠೇವಣಿಯಿಂದ ಕ್ಯಾಲ್ಸಿಯಂ ಎಡೆಬಿಡದೆ ರಕ್ತಕ್ಕೆ ಸೇರುತ್ತದೆ. ಮೂಳೆ ಸವೆತ, ಮರಳಿ ಮರಳಿ ಬರುವ ಮೂತ್ರಪಿಂಡದ ಕಲ್ಲು, ಮಲಬದ್ಧತೆ, ಆಯಾಸ, ಮಂಕು ಇದರ ಲಕ್ಷಣಗಳು. ಬಹುತೇಕ ಗೆಡ್ಡೆಗಳು ಕ್ಯಾನ್ಸರ್ ಅಲ್ಲ. ಆದರೆ ವಯಸ್ಸಾದವರಲ್ಲಿ ಈ ತೊಂದರೆಗಳನ್ನು ವೃದ್ಧಾಪ್ಯದ ತಲೆಗೆ ಕಟ್ಟಿಬಿಡುವುದರಿಂದ ರೋಗ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದುಂಟು.

ಗೆಡ್ಡೆಯನ್ನು ತೆಗೆಯುವುದೇ ರೋಗವನ್ನು ಗುಣಪಡಿಸುವ ಮಾರ್ಗ. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್ ಟ್ರಾಮ್ ನೌಕರನೊಬ್ಬನಿಗೆ ಈ ಶಸ್ತ್ರಚಿಕಿತ್ಸೆಯನ್ನು ಮೊದಲಿಗೆ ನೆರವೇರಿಸಿದರು. ಗೆಡ್ಡೆಯನ್ನು ಹುಡುಕುವುದೇ ಇದರಲ್ಲಿನ ಕಷ್ಟ. ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ ಈ ರೋಗದಿಂದ ಸುಮಾರು ಏಳು ಅಂಗುಲ ಕುಗ್ಗಿಹೋಗಿದ್ದರು. ಆರು ಶಸ್ತ್ರಚಿಕಿತ್ಸೆಗಳಲ್ಲಿ ಸಿಗದ ಗೆಡ್ಡೆ 1932ರಲ್ಲಿ, ಏಳನೆಯ ಬಾರಿ, ಎದೆಗೂಡಿನೊಳಗೆ ದೊರೆಯಿತು. ಆ ವೇಳೆಗೆ ಮೂತ್ರಪಿಂಡಗಳು ಹಾಳಾಗಿದ್ದವು. ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು.

ಇಂದು ಅಲ್ಟ್ರಾಸೌಂಡ್ ಹಾಗೂ ಸೆಸ್ಟಾಮಿಬಿ ಸ್ಕ್ಯಾನ್‌ಗಳು ಗೆಡ್ಡೆಯ ನೆಲೆಯನ್ನು ಮುಂಚಿತವಾಗಿಯೇ ತೋರಿಸಬಲ್ಲವು. ನೆಲೆ ಖಚಿತವಾದರೆ ಕೊರಳಿನಲ್ಲಿ ಚಿಕ್ಕ ಸೀಳು ಸಾಕು. ಈ ಹಾರ್ಮೋನು ರಕ್ತದಿಂದ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆದ್ದರಿಂದ ಗೆಡ್ಡೆ ತೆಗೆದ 10 ನಿಮಿಷಗಳಲ್ಲಿ ಅದರ ಮಟ್ಟ ಅರ್ಧಕ್ಕಿಂತ ಕೆಳಗಿಳಿದಿದೆಯೇ ಎಂದು ಶಸ್ತ್ರಚಿಕಿತ್ಸೆಯ ನಡುವೆಯೇ ಪರೀಕ್ಷಿಸಬಹುದು. ಇಳಿಯದಿದ್ದರೆ ಉಳಿದ ಗ್ರಂಥಿಗಳನ್ನೂ ಪರಿಶೀಲಿಸುತ್ತಾರೆ.

ಧ್ವನಿಯ ನರ ಸಮೀಪದಲ್ಲೇ ಹಾದುಹೋಗುವುದರಿಂದ ಅನುಭವಿ ಶಸ್ತ್ರವೈದ್ಯರನ್ನೇ ಆರಿಸಿಕೊಳ್ಳುವುದು ಒಳಿತು. ಚಿಕಿತ್ಸೆಯ ಬಳಿಕ ಹಸಿದ ಮೂಳೆಗಳು ಕ್ಯಾಲ್ಸಿಯಂ ಅನ್ನು ಹೀರಿಕೊಂಡು ರಕ್ತದಲ್ಲಿ ಅದರ ಕೊರತೆಯಾಗಬಹುದು. ತುಟಿಯ ಸುತ್ತ ಅಥವಾ ಬೆರಳ ತುದಿಗಳಲ್ಲಿ ಜುಮುಗುಟ್ಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಎಲ್ಲರಿಗೂ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಮೂತ್ರಪಿಂಡದ ಕಲ್ಲು, ಮೂಳೆ ಸವೆತ, ಅತಿಯಾದ ಕ್ಯಾಲ್ಸಿಯಂ ಇರುವವರಿಗೂ 50 ವರ್ಷದೊಳಗಿನ ರೋಗಿಗಳಿಗೂ ವೈದ್ಯರು ಸಾಮಾನ್ಯವಾಗಿ ಇದನ್ನು ಸೂಚಿಸುತ್ತಾರೆ. ಮನೆಯಲ್ಲಿ ಯಾರಿಗಾದರೂ ಕಲ್ಲು ಪದೇ ಪದೇ ಕಾಣಿಸಿದರೆ, ಅಥವಾ ಅಲ್ಪ ಪೆಟ್ಟಿಗೇ ಮೂಳೆ ಮುರಿದರೆ, ರಕ್ತದ ಕ್ಯಾಲ್ಸಿಯಂ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದನ್ನು ಮರೆಯಬಾರದು. ರೋಗದ ಸುಳಿವು ಬಹುಮಟ್ಟಿಗೆ ದೊರೆಯುವುದು ಆ ಸರಳ ಪರೀಕ್ಷೆಯಲ್ಲೇ.