ಬಿಚ್ಚಿಕೊಳ್ಳದ ಸುರುಳಿ

ಗ್ರಾಂಟ್ ರೋಡ್ ಸ್ಟೇಷನ್ನಿನ ಪಕ್ಕದ ಭಾಜಿ ಗಲ್ಲಿಯಲ್ಲಿ ಮಳೆಗಾಲದಲ್ಲಿ ಕೆಸುವಿನೆಲೆ ಕೇಳಿ ನೋಡಿ. ಮಾರುವಾಕೆ ಕಟ್ಟು ಎತ್ತಿಕೊಡುವ ಮೊದಲು ಒಂದು ಪ್ರಶ್ನೆ ಕೇಳುತ್ತಾಳೆ: “ಭಾಜೀಸಾಠೀ ಕೀ ವಡೀಸಾಠೀ?” ತಿಳಿಹಸಿರು ದಂಟಿನ ಮೆತ್ತನೆಯ ಎಲೆ ಬೇಯಿಸಿ ಕಡೆಯುವುದಕ್ಕೆ. ಕಪ್ಪು ದಂಟಿನ, ತುಸು ದಪ್ಪನೆಯ ಎಲೆ ಸುರುಳಿ ಸುತ್ತುವುದಕ್ಕೆ. ಅದೇ ಕಪ್ಪು ದಂಟಿನ ಕಟ್ಟನ್ನು ಮರಾಠಿಯವರು ಅಳುವಡಿಗೆ, ಗುಜರಾತಿಗಳು ಪಾತ್ರಾಕ್ಕೆ, ನಾವು ಪತ್ರೊಡೆಗೆ ಒಯ್ಯುತ್ತೇವೆ.

ಈ ಮೂರೂ ಒಂದೇ ಗಲ್ಲಿಗೆ ಬಂದು ಸೇರಿದ್ದು ಈ ಊರಿನ ಚರಿತ್ರೆಯಿಂದ. 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್ ಹೆಸರಿನ ರಸ್ತೆ ಇದು. 1864ರಲ್ಲಿ ಗುಜರಾತಿನ ಕಡೆಯಿಂದ ಬಾಂಬೆ ಬರೋಡಾ ರೈಲ್ವೆಯ ಹಳಿ ಬಂದು ಮುಟ್ಟಿದ್ದು ಇಲ್ಲಿಗೇ. ಕೊಂಕಣದವರು ಅದಕ್ಕೆ ಮೊದಲೇ ಇದ್ದರು. ತುಳುನಾಡಿನವರು ಹೋಟೆಲ್ ಕೆಲಸಕ್ಕೆಂದು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಬಂದರು. ಮಂಗಳೂರಿನಿಂದ ಕರಾವಳಿಯುದ್ದಕ್ಕೂ ನೇರ ರೈಲು ಸಿಕ್ಕಿದ್ದು ಕೊಂಕಣ ರೈಲ್ವೆ ಪೂರ್ತಿಯಾದ 1998ರ ಮೇಲೆ.

ಹೆಸರುಗಳಲ್ಲೂ ನಂಟಿದೆ. ಪಾತ್ರಾದಲ್ಲೂ ಪತ್ರೊಡೆಯಲ್ಲೂ ಇರುವುದು ‘ಪತ್ರ’, ಅಂದರೆ ಎಲೆ. ಪತ್ರೊಡೆಯ ‘ಒಡೆ’ ನಮ್ಮ ವಡೆಯೇ, ಅಳುವಡಿಯ ‘ವಡಿ’ ಅದರ ದಾಯಾದಿ. ಎಲೆ ಒಂದು, ಹೆಸರೂ ಹೆಚ್ಚುಕಡಿಮೆ ಒಂದು. ಬೇರೆಯಾಗುವುದು ನಡುವೆ ಸವರುವ ಹಿಟ್ಟು. ಗುಜರಾತಿ, ಮರಾಠಿ ಮನೆಗಳಲ್ಲಿ ಕಡಲೆಹಿಟ್ಟು. ಭತ್ತದ ಕರಾವಳಿಯ ನಮಗೆ ನೆನೆಸಿ ರುಬ್ಬಿದ ಅಕ್ಕಿ. ಹುಣಸೆಹಣ್ಣು ಮಾತ್ರ ಮೂವರಿಗೂ ಬೇಕು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅವುಗಳಿಂದ. ಅದಕ್ಕೇ ಹುಳಿ, ಅದಕ್ಕೇ ದೀರ್ಘ ಬೇಯಿಸುವಿಕೆ. ಇನ್ನು ಹಿಟ್ಟಿಗೆ ಕೆಂಪು ಕೊಡುವ ಒಣಮೆಣಸು ಪೋರ್ಚುಗೀಸರೊಂದಿಗೆ ಬಂದದ್ದು. ಅದಕ್ಕೂ ಮೊದಲು ಪತ್ರೊಡೆ ಇದ್ದಿದ್ದರೆ, ಖಾರಕ್ಕೆ ಕಾಳುಮೆಣಸೇ ಇದ್ದಿರಬೇಕೆಂದು ನನ್ನ ಊಹೆ.

ಮುಂಬಯಿಗೆ ಬಂದ ಮೊದಲ ಆಟಿ ತಿಂಗಳಲ್ಲಿ ನಾನು ಮಾಡಿದ ಪತ್ರೊಡೆ ಕುಕ್ಕರಿನಲ್ಲೇ ಬಿಚ್ಚಿಕೊಂಡಿತು. ರುಬ್ಬುವ ಸೋಮಾರಿತನಕ್ಕೆ ಅಂಗಡಿಯ ಅಕ್ಕಿಹಿಟ್ಟು ಕಲಸಿದ್ದೆ, ನೀರೂ ಹೆಚ್ಚಾಗಿತ್ತು. ಮೇಲೆ ಗಟ್ಟಿಯಾಗಿ ದಾರ ಸುತ್ತಿದ್ದರೂ ಹಿಟ್ಟು ಹರಿದು ತಳ ಸೇರಿತು, ಎಲೆ ಮಾತ್ರ ಉಳಿಯಿತು. ಪಕ್ಕದ ಮನೆಯ ಗುಜರಾತಿ ಮಾಸಿ ನೋಡಿ, “ಎರಡು ಮುಷ್ಟಿ ಬೇಸನ್ ಹಾಕು” ಅಂದರು. ಮುಂದಿನ ವಾರ ಹಾಗೇ ಮಾಡಿದೆ. ಸುರುಳಿ ಕಲ್ಲಿನಂತೆ ನಿಂತಿತು. ಫೋನಿನಲ್ಲಿ ಹೇಳಿದರೆ ಅಮ್ಮ ಒಂದು ಕ್ಷಣ ಸುಮ್ಮನಿದ್ದು, “ಒಳ್ಳೇದಾಯ್ತು. ಆದ್ರೆ ಅದು ಪತ್ರೊಡೆ ಅಲ್ಲ ಮಗಾ” ಅಂದಳು.

ಆ ಮಾತು ನನ್ನನ್ನು ಕೊರೆಯಿತು. ಹಾಗಾದರೆ ಸುರುಳಿಯನ್ನು ಹಿಡಿದಿಡುವುದು ಯಾವುದು? ದಾರವಲ್ಲ. ಕಡಲೆಹಿಟ್ಟೇ ಬೇಕೆಂದೂ ಇಲ್ಲ, ನಮ್ಮ ಅಜ್ಜಿಯಂದಿರು ಅದನ್ನು ಮುಟ್ಟದೆಯೇ ಸುತ್ತಿದ್ದಾರೆ. ಅಮ್ಮನನ್ನು ಕೇಳಿ ಕೇಳಿ ತಿಳಿದದ್ದಿಷ್ಟು. ಬೆಳ್ತಿಗೆ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ, ನೀರು ಬಸಿದು, ಸಣ್ಣ ರವೆಯಷ್ಟು ತರಿಯಾಗಿ, ದೋಸೆ ಹಿಟ್ಟಿಗಿಂತ ಬಹಳ ಗಟ್ಟಿಯಾಗಿ ರುಬ್ಬಬೇಕು. ಎಲೆಯ ಹಿಂಬದಿಯ ದಪ್ಪ ನರವನ್ನು ಚಾಕುವಿನಿಂದ ಹೆರೆದು, ಲಟ್ಟಣಿಗೆಯಿಂದ ಒತ್ತಬೇಕು. ಸವರುವುದೂ ಹಿಂಬದಿಗೇ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆಂದು ಎಲ್ಲರಿಗೂ ಗೊತ್ತಲ್ಲ, ಆ ಮೇಲ್ಮೈಯ ಮೇಣ ನೀರನ್ನು ಹತ್ತಿರ ಸೇರಿಸದು. ಹಿಟ್ಟಿಗೆ ಹಿಡಿತ ಸಿಗುವುದು ನರಗಳಿರುವ ಬದಿಯಲ್ಲಿ. ದೊಡ್ಡ ಎಲೆ ಕೆಳಗೆ, ಅದರ ಮೇಲೆ ತುದಿ ತಿರುಗಿಸಿದ ಇನ್ನೊಂದು, ಹೀಗೆ ನಾಲ್ಕೈದು, ಪ್ರತಿಯೊಂದಕ್ಕೂ ತೆಳು ಪದರ. ಅಂಚುಗಳನ್ನು ಒಳಕ್ಕೆ ಮಡಚಿ ಬಿಗಿಯಾಗಿ ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಬೇಕು. ಪೂರ್ತಿ ತಣಿದ ಮೇಲಷ್ಟೇ ಕೊಯ್ಯಬೇಕು. ಹಬೆಯಲ್ಲಿ ಅಕ್ಕಿಯ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆದರೆ ಗಟ್ಟಿಗೊಳ್ಳುವುದು ತಣಿಯುವಾಗ. ಬಿಸಿಯಿರುವಾಗಲೇ ಚಾಕು ಇಟ್ಟರೆ ಯಾವ ಹಿಟ್ಟೂ ನಿಲ್ಲದು.

ಈಗ ಪೇಟೆಯಲ್ಲಿ ಲೆಟಿಸ್ ಕೂಡ ಸಿಗುತ್ತದೆ. ಕೊರಿಯಾದವರು ಅದರಲ್ಲಿ ಅನ್ನ, ಮಾಂಸ ಇಟ್ಟು ಮಡಚಿ ಒಂದೇ ತುತ್ತಿಗೆ ತಿನ್ನುತ್ತಾರೆ. ಹಸಿ ಎಲೆಗೆ ಹಬೆಯ ನೆರವಿಲ್ಲ, ಕೈಯೇ ಕಟ್ಟು. ಆದರೂ ನಮ್ಮ ಪಾಠ ಅಲ್ಲಿಗೂ ಸಲ್ಲುತ್ತದೆ: ತೊಳೆದ ಎಲೆಯ ನೀರು ಒರೆಸಿ, ದಪ್ಪ ನರ ಒತ್ತಿ, ತಣಿದ ಗಟ್ಟಿ ಹೂರಣ ಸ್ವಲ್ಪವೇ ಇಟ್ಟರೆ ಸೋರದು, ಹರಿಯದು.

ಹೋದ ಮಳೆಗಾಲದಲ್ಲಿ ಅಕ್ಕಿಯದೇ ಪತ್ರೊಡೆ ಮಾಡಿದೆ. ಎಂಟು ಸುರುಳಿಯಲ್ಲಿ ಏಳು ನಿಂತವು. ಬಿಚ್ಚಿಕೊಂಡ ಒಂದನ್ನು ಪುಡಿಮಾಡಿ, ಬೆಲ್ಲ, ತೆಂಗಿನತುರಿ ಬೆರೆಸಿ ಒಗ್ಗರಣೆ ಹಾಕಿದೆ. ಊರಲ್ಲಿ ಇದನ್ನು ಸೋಲೆಂದು ಯಾರೂ ಎಣಿಸುವುದಿಲ್ಲ, ಬೇಕೆಂದೇ ಪುಡಿಮಾಡುವವರೂ ಇದ್ದಾರೆ. ಒಂದು ಬಟ್ಟಲು ಮಾಸಿಗೆ ಕೊಟ್ಟೆ. ಬಟ್ಟಲು ತಿರುಗಿ ಬಂದಾಗ ಅದರಲ್ಲಿ ಎಳ್ಳು, ಸಾಸಿವೆಯ ಒಗ್ಗರಣೆ ಬಿದ್ದ ಪಾತ್ರಾ ಇತ್ತು. ಅಮ್ಮನ ಮಾತು ನಿಜ, ಅದು ಪತ್ರೊಡೆ ಅಲ್ಲ. ಆದರೆ ಎಲೆ ಭಾಜಿ ಗಲ್ಲಿಯ ಅದೇ ಕಟ್ಟಿನದು.